ಬಿಟ್ಟುಬಿಟ್ಟರೆ ಪಾಪವಿಲ್ಲವೇ?

ಬೆಂಗಳೂರಿನಿಂದ ರಜೆಗೆ ಬರುವ ನನ್ನ ಸೋದರಳಿಯ ಕಾಪು ದೀಪಸ್ತಂಭದ ಬಳಿಯ ಬಂಡೆಗಳ ಮೇಲೆ ರಾಡು, ರೀಲು ಹಿಡಿದು ನಿಲ್ಲುತ್ತಾನೆ. "ಮಾವ, ನಾನು ಹಿಡಿದು ಬಿಟ್ಟುಬಿಡ್ತೇನೆ. ನೀವು ಕೊಂದು ತಿಂತೀರಿ. ಪಾಪ ಯಾರಿಗೆ ಹೆಚ್ಚು?" ಎಂದು ಒಮ್ಮೆ ಕೇಳಿದ. ಹಗುರವಾಗಿ ಕೇಳಿದ್ದಲ್ಲ, ಹಗುರವಾಗಿ ಉತ್ತರಿಸುವಂಥದ್ದೂ ಅಲ್ಲ.

ಗಾಳಕ್ಕೆ ಬಿದ್ದ ಕೆಂಬೇರಿ ಮೀನನ್ನು ಹತ್ತಿರದಿಂದ ನೋಡಬೇಕು. ಕಿವಿರು ತೆರೆದು ತೆರೆದು ಬೀಳುತ್ತದೆ, ಒಳಗೆ ಕಡುಗೆಂಪು. ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ ಅಂಗೈಗೆ ಬರುತ್ತದೆ. ರೋಗ ತಾಗದಂತೆ ಅದನ್ನು ಕಾಯುವುದು ಆ ಲೋಳೆಯೇ. ಕೊಕ್ಕೆಯ ಹಿಮ್ಮುಳ್ಳು ದವಡೆಯಲ್ಲಿ ಸಿಕ್ಕಿಕೊಂಡರೆ ಬಿಡಿಸುವಷ್ಟು ಹೊತ್ತೂ ಅದಕ್ಕೆ ಉಸಿರಿಲ್ಲ. ಆಮೇಲೆ ಫೋಟೊ. ನೀರಿಗೆ ಬಿಟ್ಟ ಮೀನು ಈಜಿಹೋದದ್ದು ನಮಗೆ ಕಾಣುತ್ತದೆ, ಬದುಕಿತೇ ಎಂಬುದು ಕಾಣುವುದಿಲ್ಲ.

ಮಹಾಭಾರತದ ವನಪರ್ವದಲ್ಲಿ ಬರುವ ಧರ್ಮವ್ಯಾಧ ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದವನು. ನೇಗಿಲು ಹೂಡುವವನೂ ನೆಲದೊಳಗಿನ ಎಷ್ಟೋ ಜೀವಗಳನ್ನು ಕೊಲ್ಲುತ್ತಾನೆ ಎಂದು ತನ್ನ ಬಳಿ ಧರ್ಮ ಕೇಳಲು ಬಂದ ಬ್ರಾಹ್ಮಣ ಕೌಶಿಕನಿಗೆ ತಿಳಿಸಿದವನು. ಹಿಂಸೆಯಿಲ್ಲದ ಬದುಕಿಲ್ಲ, ಸರಿ. ಹಾಗೆಂದು ಹಿಂಸೆಯೆಲ್ಲ ಒಂದೇ ತೂಕದ್ದೇ? ಹಸಿವಿಗೆ ಎಲ್ಲೆಯಿದೆ. ಸಾರಿಗಾಗುವಷ್ಟು ಕಾಣೆ ಮೀನು ಸಿಕ್ಕಿತೆಂದರೆ ನಾನು ದಾರ ಸುತ್ತಿ ಏಳುತ್ತೇನೆ. ಬಿಟ್ಟುಬಿಡುವವನಿಗೆ ಏಳಲು ಕಾರಣವೇ ಇಲ್ಲ. ಬೆಳಗಿನಿಂದ ಬೈಗಿನವರೆಗೆ ಒಂದರ ಮೇಲೊಂದು ಎಳೆಯಬಹುದು.

ಕಾನೂನು ಈ ಪ್ರಶ್ನೆಯವರೆಗೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಸಣ್ಣ ಎಂಜಿನ್ನಿನ ನಾಡದೋಣಿಗೆ ವಿನಾಯಿತಿಯಿದೆ. ನಿಷೇಧ ದೋಣಿಗೆ, ದಡದಲ್ಲಿ ಗಾಳ ಹಿಡಿದು ನಿಂತವನಿಗಲ್ಲ. (ಆ ತಿಂಗಳುಗಳಲ್ಲಿ ಪಾಚಿ ಕಟ್ಟಿದ ಬಂಡೆಗಳ ಮೇಲೆ ನಿಲ್ಲುವುದೇ ತಪ್ಪು, ಅಲೆ ಹೇಳಿ ಬರುವುದಿಲ್ಲ.) ಆದೇಶ ಸುಮ್ಮನಿರುವ ಕಡೆ ನಮ್ಮ ಮನಸ್ಸೂ ಸುಮ್ಮನಿರಬಹುದೇ?

ನೂಲ ಹುಣ್ಣಿಮೆಗೆ ಮಲ್ಪೆಯ ಮೊಗವೀರರು ವಡಭಾಂಡೇಶ್ವರ ದೇವಸ್ಥಾನದಲ್ಲಿ ಪೂಜೆ ಮುಗಿಸಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಅಲ್ಲಿ ಬೇಡುವುದು ಅನ್ನವನ್ನು, ದೋಣಿಯಲ್ಲಿ ಹೋದವರು ಮರಳಿ ಬರುವುದನ್ನು. ಬೇಡಿ ಪಡೆದದ್ದನ್ನು ಉಣ್ಣುವುದು ಕಡಲಿನೊಂದಿಗೆ ಒಂದು ಸಂಬಂಧ. "ನನ್ನ ಖುಷಿಗೆ ಇದನ್ನು ಸ್ವಲ್ಪ ನೋಯಿಸಿ ಹಿಂದೆ ಕೊಡುತ್ತೇನೆ" ಎಂದು ಆ ದಡದಲ್ಲಿ ಕೈಮುಗಿದು ಬೇಡಲು ನನ್ನಿಂದಾಗದು. ಬೇಡಲಾಗದ್ದನ್ನು ದಯೆಯೆಂದು ಕರೆಯಲೂ ಆಗದು.

ಮೊಟ್ಟೆ ತುಂಬಿದ ಮೀನು ಸಿಕ್ಕರೆ ನಾನೂ ಕೈ ಒದ್ದೆ ಮಾಡಿಕೊಂಡು ಬಿಡುತ್ತೇನೆ. "ಹಾಗಾದರೆ ನಿಮ್ಮದೂ ಅದೇ ಅಲ್ಲವಾ ಮಾವ?" ಎಂದ ಅಳಿಯ. ಅಲ್ಲ ಎಂದೆ. ಅದನ್ನು ನೋಯಿಸಲೆಂದು ನಾನು ಕರೆದಿರಲಿಲ್ಲ. ಬಿಟ್ಟದ್ದರಿಂದ ನನಗೆ ಪುಣ್ಯವೂ ಬರಲಿಲ್ಲ.

ಈ ಸಲ ಅವನು ಇಕ್ಕಳದಿಂದ ಕೊಕ್ಕೆಗಳ ಹಿಮ್ಮುಳ್ಳನ್ನೆಲ್ಲ ಒತ್ತಿ ಚಪ್ಪಟೆ ಮಾಡಿಕೊಂಡು ಬಂದಿದ್ದಾನೆ. ಆಟ ಬಿಡಲು ಮಾತ್ರ ಒಪ್ಪಿಲ್ಲ. ನಾನೂ ವಾದ ಬಿಟ್ಟಿಲ್ಲ.