ಬುಧವಾರದ ನೂಡಲ್ಸ್

ನ್ಯೂಜೆರ್ಸಿಯ ಒಂದು ಕನ್ನಡ ಮನೆ. ಮಗಳ ಶಾಲೆಯಲ್ಲಿ ಮಕ್ಕಳೆಲ್ಲ ತಂತಮ್ಮ ಮನೆಯ ಒಂದೊಂದು ಅಡುಗೆ ಬರೆದು ಪುಸ್ತಕ ಮಾಡಬೇಕಿತ್ತು. ಬಿಸಿಬೇಳೆಬಾತ್ ಬರೆಯಲಿ ಎಂದು ತಾಯಿಯ ಆಸೆ. ಹುಡುಗಿ ಬರೆಯಲು ಕೂತದ್ದು ಬುಧವಾರ ಸಂಜೆಯ ನೂಡಲ್ಸ್ ಬಗ್ಗೆ!

"ಪೊಟ್ಟಣ ಒಡೆದು ಮಾಡೋದು ಒಂದು ಅಡುಗೆನೇನೇ?"

"ಬಿಸಿಬೇಳೆಬಾತ್ ನಂಗೆ ಮಾಡೋಕೆ ಬರಲ್ಲಮ್ಮ. ಇದು ಬರುತ್ತೆ. ನಮ್ಮನೇಲಿ ಮಾಡೋದು ತಾನೆ?"

ತಾಯಿ ಸುಮ್ಮನಾದರು. ಹುಡುಗಿ ಬರೆದ ಕ್ರಮದಲ್ಲಿ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ. ಮೊದಲು ನೂಡಲ್ಸ್ ಅನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಎಳೆ ಇನ್ನೂ ತುಸು ಗಟ್ಟಿಯಿರುವಾಗಲೇ ನೀರು ಬಸಿಯಬೇಕು. ಬಾಣಲೆಯಲ್ಲಿ ಒಂದೇ ಚಮಚ ಎಣ್ಣೆ. ಸಾಸಿವೆ ಸಿಡಿದ ಮೇಲೆ ಕಡಲೆಬೇಳೆ, ಅದು ಕೆಂಪಗಾದ ಮೇಲೆ ಕರಿಬೇವು, ಹಸಿಮೆಣಸು, ಈರುಳ್ಳಿ. ಬೀನ್ಸ್, ಕ್ಯಾರೆಟ್, ಬಟಾಣಿಗೆ ನೀರು ಚಿಮುಕಿಸಿ, ಮುಚ್ಚಿ ಬೇಯಿಸಬೇಕು. ಆಮೇಲೆ ಅರ್ಧ ಚಮಚ ಸಾರಿನ ಪುಡಿ, ಪೊಟ್ಟಣದ ಮಸಾಲೆಯಲ್ಲಿ ಅರ್ಧ ಮಾತ್ರ. ನೂಡಲ್ಸ್ ಬೆರೆಸಿ, ಒಲೆ ಆರಿಸಿ, ಕಾಯಿತುರಿ, ಕೊತ್ತಂಬರಿ ಸೊಪ್ಪು, ನಿಂಬೆರಸ. ಬೇಕಾದವರಿಗೆ ಮೇಲೊಂದು ಮೊಟ್ಟೆ. ಬೇಡದವರಿಗೆ ಹುರಿದ ಕಡಲೆಕಾಯಿ ಬೀಜ.

ಶ್ಯಾವಿಗೆ ಉಪ್ಪಿಟ್ಟು ಮಾಡಿದ ಕೈಗೆ ಇದು ಹೊಸದೇನಲ್ಲ. ತರಕಾರಿ ಮೊದಲೇ ಬೇಯಬೇಕು ಎನ್ನುವುದಕ್ಕೂ ಕಾರಣವಿದೆ, ಅದು ಇನ್‌ಸ್ಟಂಟ್ ನೂಡಲ್ಸ್ ತಯಾರಾಗುವ ಬಗೆಯಲ್ಲೇ ಇದೆ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಆಹಾರದ ಅಭಾವವನ್ನು ಕಣ್ಣಾರೆ ಕಂಡ ಮೊಮೊಫುಕು ಆಂಡೊ ಎಂಬವರು, ಒಸಾಕಾ ಬಳಿಯ ಇಕೆಡಾದಲ್ಲಿ ತಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಪ್ರಯೋಗ ಮಾಡಿ, 1958ರಲ್ಲಿ ಮೊದಲ ಇನ್‌ಸ್ಟಂಟ್ ನೂಡಲ್ಸ್ ತಂದರು. ಬೇಯಿಸಿದ ಎಳೆಗಳನ್ನು ಎಣ್ಣೆಯಲ್ಲಿ ಕರಿದರೆ ಒಳಗಿನ ನೀರು ಆವಿಯಾಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಅವುಗಳೊಳಗೆ ಥಟ್ಟನೆ ನುಗ್ಗುತ್ತದೆ. ಅದಕ್ಕೇ ನೂಡಲ್ಸ್ ಎರಡು ಮೂರು ನಿಮಿಷದಲ್ಲಿ ಮೆತ್ತಗಾಗುತ್ತದೆ. ಬೀನ್ಸ್ ಅಷ್ಟರಲ್ಲಿ ಬೇಯುವುದಿಲ್ಲ. ಕರಿದ ಎಣ್ಣೆ ಎಳೆಯಲ್ಲೇ ಇರುವುದರಿಂದ ಒಗ್ಗರಣೆಗೆ ಕೈ ಬಿಗಿಹಿಡಿದರೂ ನಡೆಯುತ್ತದೆ.

ಮಸಾಲೆ ಅರ್ಧಕ್ಕೆ ಇಳಿದದ್ದು ತಾಯಿಯ ಒತ್ತಾಯಕ್ಕೆ. ದಿನಕ್ಕೆ 2000 ಮಿಲಿಗ್ರಾಂ, ಎಂದರೆ ಸುಮಾರು 5 ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಹಲವು ರಾಮೆನ್ ಪೊಟ್ಟಣಗಳಲ್ಲಿ ಒಂದೊಂದರಲ್ಲೇ 1500 ಮಿಲಿಗ್ರಾಂ ಆಸುಪಾಸು ಇರುತ್ತದೆ. ಸಾರಿನ ಪುಡಿ, ನಿಂಬೆ ಸೇರಿದರೆ ಉಪ್ಪು ಕಡಿಮೆಯಾಗಿದ್ದು ನಾಲಿಗೆಗೆ ತಿಳಿಯುವುದೇ ಇಲ್ಲ.

ಇಷ್ಟಕ್ಕೂ ನೂಡಲ್ಸ್ ಕಂಡು ಮೂಗು ಮುರಿಯಲು ನಮ್ಮ ತಲೆಮಾರಿಗೆ ಹಕ್ಕಿದೆಯೇ? ಮ್ಯಾಗಿ ಭಾರತಕ್ಕೆ ಬಂದದ್ದು 1983ರಲ್ಲಿ. ಇಂದು ಇಲ್ಲಿನ ಕನ್ನಡ ಸಂಘದ ಸಮಿತಿಗಳಲ್ಲಿ ಓಡಾಡುತ್ತಿರುವ ನಲವತ್ತು ದಾಟಿದವರಲ್ಲಿ ಎಷ್ಟೋ ಮಂದಿ ಶಾಲೆಯಿಂದ ಬಂದು ಅದನ್ನೇ ತಿಂದು ಬೆಳೆದವರು. 2015ರಲ್ಲಿ ಮ್ಯಾಗಿಯಲ್ಲಿ ಸೀಸ ಹೆಚ್ಚಿದೆ ಎಂಬ ವಿವಾದ ಎದ್ದು ಅದು ಕೆಲ ತಿಂಗಳು ಅಂಗಡಿಗಳಿಂದ ಮಾಯವಾದಾಗ, ಊರಿನವರಷ್ಟೇ ಇಲ್ಲಿನವರೂ ಫೋನಿನಲ್ಲಿ ಅದನ್ನೇ ಮಾತಾಡಿಕೊಂಡಿದ್ದರು.

ಆದರೂ ತಾಯಿಗೆ ಸಮಾಧಾನವಿಲ್ಲ. ಸಾಸಿವೆ ಯಾವಾಗ ಸಿಡಿಯುತ್ತದೆ, ಬೇಳೆ ಯಾವಾಗ ಕೆಂಪಾಗುತ್ತದೆ ಎಂಬುದನ್ನು ಮಗಳು ಕಣ್ಣಳತೆಯಲ್ಲೇ ಹೇಳಬಲ್ಲಳು, ಅದು ಹೆಮ್ಮೆ. ಅದೇ ಹುಡುಗಿಗೆ ಬೇಳೆ ಬೇಯಿಸಿ, ಹುಣಸೆಹಣ್ಣು ಕಿವುಚಿ ಸಾರು ಮಾಡುವುದು ಗೊತ್ತಿಲ್ಲ, ಅದು ಚಿಂತೆ. ಒಗ್ಗರಣೆ ಬಂದವಳಿಗೆ ಸಾರು ತಾನಾಗಿ ಬಂದೀತೇ, ಅಥವಾ ಎಲ್ಲವೂ ನೂಡಲ್ಸ್‌ಗೇ ನಿಂತುಬಿಟ್ಟೀತೇ?

ನಾವು ಯುಗಾದಿಗೆ ಹೋಳಿಗೆಯನ್ನು ಫ್ರೀಜರ್‌ನಿಂದ ತೆಗೆದು ಬಿಸಿ ಮಾಡುತ್ತೇವೆ, ರಾಜ್ಯೋತ್ಸವದ ಊಟವನ್ನು ಕೇಟರಿಂಗ್‌ನವರಿಗೆ ಒಪ್ಪಿಸುತ್ತೇವೆ. ಮಕ್ಕಳಿಗೆ ಮಾತ್ರ ನಮ್ಮ ಅಡುಗೆ ಬರಬೇಕು ಎನ್ನುತ್ತೇವೆ. ವಾರಕ್ಕೊಂದು ಸಂಜೆಯಾದರೂ ಸೌಟನ್ನು ಅವರ ಕೈಗೆ ಕೊಡಬೇಕು. ನೂಡಲ್ಸ್ ಆದರೆ ನೂಡಲ್ಸೇ ಆಗಲಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ಕಲಿಯಲಿ ಎನ್ನೋಣವೆಂದರೆ, "ಕೈ ಸುಟ್ಕೋತೀಯ ಮರಿ, ಆಚೆ ಹೋಗು" ಎಂದು ಅಜ್ಜಿಯೇ ಅಟ್ಟುತ್ತಾರೆ. ಇಲ್ಲಿ ಒಲೆಯ ಬಳಿ ಬಂದರೆ "ಮೊದಲು ಹೋಮ್‌ವರ್ಕ್ ಮುಗಿಸು" ಎಂದು ನಾವೇ ಕಳಿಸುತ್ತೇವೆ. ಇನ್ನು ಮಕ್ಕಳು ಕಲಿಯುವುದು ಯಾವಾಗ, ಯಾರ ಒಲೆಯ ಮುಂದೆ?