ಪಥ್ಯ ಯಾರದು?

ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡ ಕಬ್ಬಿನ ಸೀಮೆಯ ಊರು. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ ಅಲ್ಲಿಂದ ದೂರವಿಲ್ಲ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲದ ತುಣುಕು, ತಂಬಿಗೆ ನೀರು; ಮಾತು ಆಮೇಲೆ ಎನ್ನುವ ರೂಢಿ ಈ ಭಾಗದ್ದು. ಹಬ್ಬದ ಹೋಳಿಗೆ, ಈದ್‌ನ ಸುರಕುಂಬಾ ಓಣಿಯ ಮನೆಮನೆಗೆ ಹೋಗುತ್ತವೆ. ಇಂಥಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಹೊಸದಾಗಿ ಗೊತ್ತಾದರೆ ಬದಲಾಗಬೇಕಾದವರು ಯಾರು?

ರೋಗಿಯೇ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ವೈದ್ಯರು ಮಾತ್ರೆ ಬರೆಯುತ್ತಾರೆ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ, ಅನ್ನ-ರೊಟ್ಟಿ ಕಡಿಮೆ ಮಾಡಿ ಪಲ್ಯ-ಕಾಳು ಹೆಚ್ಚಿಸಿ ಎನ್ನುತ್ತಾರೆ. (ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಎಂಬುದು ನಮ್ಮ ಪ್ರೀತಿಯ ತಪ್ಪು ಕಲ್ಪನೆ, ಜೋಳವೂ ಸಕ್ಕರೆ ಏರಿಸುತ್ತದೆ.) ಮಾತ್ರೆಯನ್ನು ಒಬ್ಬರೇ ನುಂಗಬಹುದು. ಉಳಿದದ್ದೆಲ್ಲ ಇಡೀ ಮನೆಯ ಒಲೆಗೆ, ಹೊತ್ತಿಗೆ ಸೇರಿದ್ದು.

ಮನೆಯ ಯಜಮಾನನಿಗೆ ಕಾಯಿಲೆ ಬಂದರೆ ಅಡುಗೆಮನೆ ಮರುದಿನವೇ ಬದಲಾಗುತ್ತದೆ. ಚಹಾಕ್ಕೆ ಸಕ್ಕರೆ ಬೀಳುವುದಿಲ್ಲ, ತಟ್ಟೆಗೆ ಸೊಪ್ಪು ಬರುತ್ತದೆ. ಅದೇ ಕಾಯಿಲೆ ಮನೆಯಾಕೆಗೆ ಬಂದರೆ? ಆಕೆ ಎಲ್ಲರಿಗೂ ಎಂದಿನಂತೆ ಬೇಯಿಸುತ್ತಾಳೆ. ತನಗೆಂದು ಬೇರೆ ಪಲ್ಯ ಮಾಡಿಕೊಳ್ಳಲು ಸಂಕೋಚ. ಎಲ್ಲರ ಊಟ ಮುಗಿದ ಮೇಲೆ, ಹೊತ್ತು ಮೀರಿ, ಉಳಿದ ಅನ್ನ ತಿನ್ನುತ್ತಾಳೆ. ಬೆಳಿಗ್ಗೆ ನಡೆಯಲು ಹೊರಟರೆ 'ಕೆಲಸ ಬಿಟ್ಟು ಎಲ್ಲಿಗೆ ಹೊಂಟಿ?' ಎಂಬ ಪ್ರಶ್ನೆ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದರೆ, ಬಾಯಿಚಪಲದ ಆರೋಪವೂ ಆಕೆಯ ಮೇಲೆಯೇ. ಕಾವಲು ಕಾಯುವುದನ್ನೇ ನಾವು ಕಾಳಜಿ ಎಂದುಕೊಂಡಿದ್ದೇವೆ. ರೋಗಿಗಳಿಗೆ ರಮಝಾನಿನ ಉಪವಾಸದಿಂದ ಕುರ್‌ಆನ್ ವಿನಾಯಿತಿ ನೀಡಿದೆ; ಇನ್ಸುಲಿನ್ ಚುಚ್ಚಿಕೊಳ್ಳುವ ಸೊಸೆ ಅದನ್ನು ಬಳಸಿಕೊಂಡರೆ ಮೂಗು ಮುರಿಯುವವರು ನಾವೇ.

ಒಬ್ಬರಿಗಾಗಿ ಎಲ್ಲರೂ ಬಾಯಿ ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಅಂಚಿನಲ್ಲಿದ್ದಾರೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಹಾಗಿರುವಾಗ 'ರೋಗಿಯ ಊಟ' ಎಂದು ನಾವು ಬೇರೆ ಇಡುವ ತಟ್ಟೆ ನಿಜಕ್ಕೂ ಯಾರದು?

ನಾವು ಬಲ್ಲ ಮನೆಯೊಂದರಲ್ಲಿ ಈಗ ಬೆಳಿಗ್ಗೆ ನೀರು ತುಂಬುವವನು ಮಗ. ಆ ಹೊತ್ತಿನಲ್ಲಿ ತಾಯಿ ಹೊಲದ ದಾರಿ ಹಿಡಿದು ನಡೆದು ಬರುತ್ತಾರೆ. ಈದ್‌ಗೆ ಸುರಕುಂಬಾ ಅಲ್ಲಿ ಇಂದಿಗೂ ಆಗುತ್ತದೆ. ಬಟ್ಟಲು ಮಾತ್ರ ಎಲ್ಲರದ್ದೂ ಚಿಕ್ಕದು.