ದೊಡ್ಡ ಪದ ಯಾರಪ್ಪನ ಸ್ವತ್ತು?

"ಅಷ್ಟು ದಪ್ಪನ್ ಪುಸ್ತಕ ಹಿಡ್ಕೊಂಡು ಕುಂತಿದ್ದೀಯಲ್ಲೋ, ಅದ್ರಾಗೆ ನಮ್ ಮಾತೇನಾದ್ರೂ ಐತೇನ್ಲಾ?" ಇಂಗ್ಲಿಷ್ ಡಿಕ್ಷನರಿ ನೋಡಿ ಅವ್ವ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಗೆಳೆಯರೇ, ಇಂಗ್ಲಿಷಿನ ಕಷ್ಟದ ಪದಗಳನ್ನು ಕೂಡಿಹಾಕುವುದು ತಾಯ್ನುಡಿಗೆ ದ್ರೋಹವೇ? ಹಾಗನ್ನುವವರಲ್ಲಿ ಬಹಳ ಮಂದಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಬಿಟ್ಟು ಬಂದವರು. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಇಂಗ್ಲಿಷ್ ಕಲಿಯಿರಿ ಎಂದರು. ದಲಿತ ಹುಡುಗರಿಗೆ ಏಟು ಬಿದ್ದವು. ಕೊನೆಗೆ ಅವರ ಮಂತ್ರಿಗಿರಿಯೂ ಹೋಯಿತು. ಸಂಸ್ಕೃತ ನಮ್ಮ ಕಿವಿಗೆ ಬೀಳದಂತೆ ಕಾದವರು ಯಾವತ್ತಾದರೂ ದ್ರೋಹಿಗಳೆನಿಸಿಕೊಂಡರೇ?

ಪದದ ಬೆಲೆ ಬಾಬಾಸಾಹೇಬರಿಗೆ ಗೊತ್ತಿತ್ತು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸುಧಾರಕರು 1936ರ ಸಮ್ಮೇಳನದಲ್ಲಿ ಭಾಷಣ ಮಾಡಲು ಅವರನ್ನು ಕರೆದರು. ಬರೆದದ್ದನ್ನು ಓದಿ ಹೆದರಿ, ಕೆಲವು ಮಾತು ತೆಗೆಯಿರಿ ಅಂದರು. ಒಂದು ಅಲ್ಪವಿರಾಮ ಬದಲಿಸಲೂ ಅವರು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಅದರ ತಲೆಬರಹದಲ್ಲಿರುವ ಪದ 'ಅನೈಹಿಲೇಶನ್'. ಲ್ಯಾಟಿನ್ನಿನಲ್ಲಿ 'ನಿಹಿಲ್' ಅಂದರೆ ಏನೂ ಇಲ್ಲ. ಜಾತಿ ಏನೂ ಉಳಿಯದಂತೆ ಹೋಗಬೇಕು ಎಂದರ್ಥ. 'ರಿಫಾರ್ಮ್' ಅಂದರೆ ಅದೇ ಮಣ್ಣಿಗೆ ಇನ್ನೊಂದು ಆಕಾರ. ಈ ಎರಡು ಪದಗಳ ನಡುವಿನ ವ್ಯತ್ಯಾಸ ತಿಳಿಯದವನಿಗೆ ಸುಧಾರಕನೂ ವಿಮೋಚಕನಾಗಿ ಕಾಣುತ್ತಾನೆ. ಪದಗಳನ್ನು ಪಟ್ಟಿ ಮಾಡಿ ಉರು ಹೊಡೆಯುವುದು ಬೇಡ. ಹೀಗೆ ಬೇರು ಹಿಡಿದು ಎಳೆದರೆ ಅದರ ಒಡಹುಟ್ಟಿದವೂ ಬರುತ್ತವೆ.

ಆದರೆ ಇಲ್ಲೊಂದು ಮೋಸವೂ ಇದೆ. ಕಾಲೇಜು ಮೆಟ್ಟಿಲು ಹತ್ತಿದ ನಾವು ಸಭೆಯಲ್ಲಿ ಕಷ್ಟದ ಪದ ಉದುರಿಸಿ ಓದದವರ ಬಾಯಿ ಮುಚ್ಚಿಸುತ್ತೇವಲ್ಲ, ಅದು ಪುರೋಹಿತನ ಬುದ್ಧಿ. ನಾನೂ ಮಾಡಿದ್ದೇನೆ. ಅರ್ಥವಾಗದ ಮಾತಿನ ಮುಂದೆ ನಮ್ಮ ಅಜ್ಜಂದಿರು ಕೈಕಟ್ಟಿ ನಿಂತದ್ದು ಸಾಲದೇ? ಮೊಮ್ಮಕ್ಕಳ ಮುಂದೆಯೂ ನಿಲ್ಲಬೇಕೇ? ಗೋಡೆಗೆ ನೇತುಹಾಕಿದ ರಂಪಿಗೆ ಚರ್ಮ ಕುಯ್ಯುವುದಿಲ್ಲ. ಮೆರೆಯೋದಕ್ಕೆ ಕಲಿತ ಪದವೂ ಅಷ್ಟೇ.

ಕಳೆದ ವರ್ಷ ನಮ್ಮ ಕೇರಿಯ ಹುಡುಗನೊಬ್ಬನನ್ನು ಹೋಟೆಲಿನಲ್ಲಿ ಕುಂತಿದ್ದಕ್ಕೆ ಹೊಡೆದರು. ರಾಜಿ ಮಾಡಿಸಲು ಹಿರಿಯರು ಬಂದು ಜಗುಲಿಯಲ್ಲಿ ಕೂತರು. ಹೆಬ್ಬೆಟ್ಟಿನ ನಮ್ಮವ್ವ ಎದ್ದು ನಿಂತು, "ರಾಜಿ ಬ್ಯಾಡ, ಅಟ್ರಾಸಿಟಿ ಹಾಕ್ಸಿ" ಅಂದಳು. 1989ರ ಕಾನೂನಿನಲ್ಲಿ ಬಂದ ಆ ಇಂಗ್ಲಿಷ್ ಪದ ಅವಳ ನಾಲಿಗೆಯಲ್ಲಿ ತೊಡರಲಿಲ್ಲ. ಜಗುಲಿ ಮಾತ್ರ ಒಂದು ಗಳಿಗೆ ಸುಮ್ಮನಾಯಿತು.

ಕಲಿಯೋಣ. ಕಲಿತ ಪ್ರತಿ ಪದವನ್ನೂ ಅವ್ವನ ಬಾಯಿಗೆ ತಲುಪಿಸೋಣ.